ಕರಿ ವೆಲ್ವೆಟ್ ಬೂದಿ ಬಣ್ಣವಾದ ಕತೆ

ಮಾನ್ಯ ಸಂಪಾದಕರೇ,

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಹೊಸ ಫೋನು, ಹೊಸ ಕ್ಯಾಮೆರಾ ಬಂದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಇರುತ್ತದೆ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ತೂಕ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಲ್ಲ ಓದಿದ್ದೇನೆ. ತಂದ ಮೇಲೆ ಅದರಲ್ಲಿ ಏನು ಮಾಡಬೇಕು ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ನನ್ನ ಹಾಗೆ ನಿಮ್ಮ ಕೈಯಲ್ಲೂ ಕತ್ತರಿ ಇದೆಯಲ್ವಾ, ಬೇಕಾದ ಕಡೆ ಹಾಕಿಕೊಳ್ಳಿ.

ಮಗಳು ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯದು, ಕೊಡಿಸಿದಳು. ನಾನೇ ಕೇಳಿದ್ದೆ. ಹೊಲಿದ ಬಟ್ಟೆಯ ಫೋಟೋ ಇಟ್ಟುಕೊಳ್ಳುವುದು ನನ್ನ ಹಳೇ ಅಭ್ಯಾಸ. ಬಟ್ಟೆ ಹೊಲಿಸಿದವರ ಮನೆಗೆ ಹೋಗುತ್ತದೆ, ನನಗೆ ಉಳಿಯುವುದು ಫೋಟೋ ಒಂದೇ. ಫೋನಿನಲ್ಲಿ ತೆಗೆದರೆ ಕಸೂತಿಯ ಎಳೆಗಳೆಲ್ಲ ಕೂಡಿಕೊಂಡು ಮೇಲೆ ಮೇಣ ಬಳಿದ ಹಾಗೆ ಕಾಣುತ್ತಿತ್ತು. ಚೆಂದ ಮಾಡಲು ಹೋಗಿ ನನ್ನ ಎರಡು ದಿನದ ಕೆಲಸವನ್ನೇ ಅದು ಅಳಿಸುತ್ತಿತ್ತು.

ಕ್ಯಾಮೆರಾದ ಡಬ್ಬಿಯಲ್ಲಿ ಒಂದು ತೆಳ್ಳನೆಯ ಹಾಳೆ ಇತ್ತು. ಬ್ಯಾಟರಿಯನ್ನು ಬೆಂಕಿಗೆ ಹಾಕಬೇಡಿ, ನೀರಿನಲ್ಲಿ ಅದ್ದಬೇಡಿ ಎಂದು ಹತ್ತಾರು ಭಾಷೆಗಳಲ್ಲಿ ಬರೆದಿದ್ದರು. ನಿಜವಾದ ಪುಸ್ತಕ ಬೇಕಾದರೆ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಂಡೆ. ನಾನೂರಕ್ಕಿಂತ ಜಾಸ್ತಿ ಪುಟ, ಕನ್ನಡದಲ್ಲಿ ಒಂದಕ್ಷರವೂ ಇಲ್ಲ. ಮೆನುವಿನ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇಲ್ಲ. ಭಾಷೆಯದ್ದು ಹಾಗಿರಲಿ, ಆ ಪುಸ್ತಕ ಶುರುವಾಗುವ ರೀತಿಯೇ ವಿಚಿತ್ರ. ಮೊದಲ ಪುಟಗಳ ತುಂಬ ಗುಂಡಿಗಳ ಹೆಸರು. ಹೊಲಿಗೆ ಕಲಿಯಲು ಬಂದ ಹುಡುಗಿಗೆ ದಾರ ಪೋಣಿಸುವುದು ತೋರಿಸದೆ, ಮೆಷಿನ್ನಿನ ಒಂದೊಂದು ಸ್ಕ್ರೂವಿನ ಹೆಸರನ್ನೂ ಬಾಯಿಪಾಠ ಮಾಡು ಅಂದರೆ ಅವಳು ಮಾರನೇ ದಿನ ಬರುತ್ತಾಳಾ?

ಮೊದಲ ಎರಡು ದಿನ ಕ್ಯಾಮೆರಾ ಕೆಟ್ಟಿದೆ ಅಂತಲೇ ನಂಬಿದ್ದೆ. ಕಿಂಡಿಯಲ್ಲಿ ಕಣ್ಣಿಟ್ಟರೆ ಅಕ್ಷರಗಳೂ ಮಂಜು ಮಂಜು. ವಾಪಸ್ ಕೊಡೋಣ ಅಂತ ಡಬ್ಬಿಗೆ ಹಾಕಿಯೂ ಆಗಿತ್ತು. ಆಮೇಲೆ ನೋಡಿದರೆ ಕಿಂಡಿಯ ಪಕ್ಕದಲ್ಲೇ ಸಾಸಿವೆಯಷ್ಟು ಚಿಕ್ಕ ಹಲ್ಲಿನ ಗಾಲಿ ಇದೆ. ಕನ್ನಡಕದ ನಂಬರಿಗೆ ತಕ್ಕಂತೆ ತಿರುಗಿಸಿಕೊಳ್ಳುವುದಕ್ಕಂತೆ. ಚಾಳೀಸು ಬಂದ ಎಷ್ಟು ಜನ ಇದೊಂದೇ ಕಾರಣಕ್ಕೆ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿದ್ದಾರೋ!

ಇನ್ನೊಂದು ನಗುವ ಸಂಗತಿ. ಪರದೆಯ ಮೇಲೆ 2 ಅಂತ ಬಂದು ಅದರ ಪಕ್ಕ ಎರಡು ಸಣ್ಣ ಗೀಟು ಇತ್ತು. ಮೂವತ್ತು ವರ್ಷ ಟೇಪು ಹಿಡಿದವಳಿಗೆ ಅದು ಎರಡು ಇಂಚು ಬಿಟ್ಟು ಬೇರೇನಾದೀತು? ಲೆನ್ಸನ್ನು ಬಟ್ಟೆಗೆ ಎರಡು ಇಂಚು ಹತ್ತಿರ ಹಿಡಿಯಬೇಕು ಅಂದುಕೊಂಡು ಹಿಡಿದೆ. ಅದು ಎರಡು ಸೆಕೆಂಡು, ಬೆಳಕು ಒಳಗೆ ಬಿಡಲು ಶಟರ್ ತೆರೆದಿರುವ ಹೊತ್ತು, ಅಂತ ಗೊತ್ತಾಗಿದ್ದು ಹದಿನೈದು ಫೋಟೋ ಹಾಳಾದ ಮೇಲೆ. ಅದೇ ಜಾಗದಲ್ಲಿ ಬರೀ 60 ಅಂತ ಇದ್ದರೆ ಅದು ಅರವತ್ತು ಸೆಕೆಂಡಲ್ಲ, ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲು. ಗೀಟು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು.

ಈಗ ವೆಲ್ವೆಟ್ ವಿಷಯ. ಒಬ್ಬರಿಗೆ ಕರಿ ವೆಲ್ವೆಟ್ ಜಾಕೆಟ್ ಹೊಲಿದಿದ್ದೆ. ಕಪ್ಪು ಅಂದರೆ ಕಪ್ಪು, ಬಾವಿಯೊಳಗೆ ಇಣುಕಿದ ಹಾಗೆ. ಮೇಜಿನ ಮೇಲೆ ಹರಡಿ ಫೋಟೋ ತೆಗೆದೆ. ಹತ್ತು ಸಲ ಒಗೆದು ಬಿಸಿಲಿಗೆ ಹಾಕಿದ ಬಟ್ಟೆಯ ಹಾಗೆ ಬೂದಿ ಬಣ್ಣ ಬಂತು. ಅದೇ ಮೇಜಿನ ಮೇಲೆ ಬಿಳಿ ಲೈನಿಂಗ್ ಬಟ್ಟೆ ಹಾಕಿ ತೆಗೆದೆ. ಅದೂ ಬೂದಿ! ಕರಿದೂ ಬೂದಿ, ಬಿಳಿದೂ ಬೂದಿ. ಇದೇನು ಮಾಟವೋ ಅನಿಸಿತು.

ಮಾಟವೇನೂ ಅಲ್ಲ. ಕ್ಯಾಮೆರಾದ ಒಳಗಿನ ಮೀಟರು ಬಟ್ಟೆಯಿಂದ ಎಷ್ಟು ಬೆಳಕು ಬರುತ್ತಿದೆ ಅನ್ನುವುದನ್ನಷ್ಟೇ ಅಳೆಯುತ್ತದೆ. ಬಟ್ಟೆ ಯಾವ ಬಣ್ಣದ್ದು ಅಂತ ಅದಕ್ಕೇನು ಗೊತ್ತು? ಎದುರಿಗಿರುವುದೆಲ್ಲ ಸೇರಿ ಕಪ್ಪು ಬಿಳುಪಿನ ನಡುವಿನ ಒಂದು ಬೂದಿ ಬಣ್ಣ ಎಂದು ಹಿಡಿದು ಲೆಕ್ಕ ಹಾಕುತ್ತದೆ. ಕರಿ ಬಟ್ಟೆಯಿಂದ ಬೆಳಕು ಕಡಿಮೆ ಬಂತು ಅಂದರೆ, ಓಹೋ ಇಲ್ಲಿ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಬಿಳಿ ಬಟ್ಟೆ ಕಂಡರೆ ಬಿಸಿಲು ಅಂದುಕೊಂಡು ಕಡಿಮೆ ಮಾಡುತ್ತದೆ. ಈಗಿನ ಕ್ಯಾಮೆರಾಗಳು ಹಳೆಯವಕ್ಕಿಂತ ಜಾಣ ಇರಬಹುದು. ಆದರೂ ಚೌಕಟ್ಟಿನ ತುಂಬ ಒಂದೇ ಬಣ್ಣ ಹರಡಿದರೆ ಏಮಾರುತ್ತವೆ. ಉಪಾಯ ಇಷ್ಟೇ: ಪ್ಲಸ್ ಮೈನಸ್ ಗುರುತಿರುವ ಒಂದು ಗುಂಡಿ ಇರುತ್ತದೆ, ಕರಿ ಬಟ್ಟೆಗೆ ಮೈನಸ್ ಕಡೆ, ಬಿಳಿ ಬಟ್ಟೆಗೆ ಪ್ಲಸ್ ಕಡೆ ತಿರುಗಿಸಬೇಕು. ಬಿಳಿ ಆಗಲೇ ಬೆಳ್ಳಗಿದೆಯಲ್ಲ, ಇನ್ನೂ ಯಾಕೆ ಬೆಳಕು ಅಂತ ಮನಸ್ಸು ಒಪ್ಪುವುದಿಲ್ಲ. ನನ್ನ ಮನಸ್ಸೂ ಒಂದು ವಾರ ಒಪ್ಪಲಿಲ್ಲ. ವೆಲ್ವೆಟ್ ಮೈನಸ್ ಒಂದಕ್ಕೆ ಸರಿಯಾಗಿ ಕಪ್ಪಾಯಿತು. ಆ ಫೋಟೋ ಈಗಲೂ ಇಟ್ಟಿದ್ದೇನೆ.

ನಾನೂರು ಪುಟದ ಪುಸ್ತಕದಲ್ಲಿ ಆ ಗುಂಡಿಯ ಬಗ್ಗೆ ಇದೆ. ಎಲ್ಲಿ ಒತ್ತಬೇಕು, ಎಷ್ಟರವರೆಗೆ ತಿರುಗುತ್ತದೆ ಅಂತ ಇದೆ. ಕರಿ ಬಟ್ಟೆ ಯಾಕೆ ಬೂದಿಯಾಗುತ್ತದೆ ಅಂತ ಇಲ್ಲ. ನನ್ನ ತಕರಾರೆಲ್ಲ ಇದೇ. ಯಾರೂ ಗುಂಡಿ ಹುಡುಕಿಕೊಂಡು ಪುಸ್ತಕ ತೆರೆಯುವುದಿಲ್ಲ, ಫೋಟೋ ಹಾಳಾಯಿತು ಅಂತ ತೆರೆಯುತ್ತಾರೆ.

ಲೆನ್ಸಿನೊಳಗೆ ಬೆಳಕು ಬಿಡುವ ಇನ್ನೊಂದು ಕಿಂಡಿ ಇದೆ, ಅದರ ನಂಬರಿನಲ್ಲಿ ಮಾತ್ರ ನಾನು ಮಗಳಿಗಿಂತ ಮುಂದೆ. ನಂಬರು ದೊಡ್ಡದಾದಷ್ಟೂ ಕಿಂಡಿ ಚಿಕ್ಕದು ಅಂದಾಗ ಅವಳು ತಲೆ ಕೆರೆದುಕೊಂಡಳು. ನನಗೆ ಒಂದೇ ಸಲಕ್ಕೆ ತಿಳಿಯಿತು. ನಮ್ಮ ದಾರದ ನಂಬರೂ ಹಾಗೇ. 60ನೇ ನಂಬರಿನ ದಾರ 40ಕ್ಕಿಂತ ಸಣ್ಣ. ಇಲ್ಲಿ ಭಾಗಾಕಾರವೂ ಸುಲಭ. ಲೆನ್ಸ್ 50 ಮಿಲಿಮೀಟರಿನದಾದರೆ (ಇದು ಲೆನ್ಸಿನ ಅಗಲವಲ್ಲ, ಫೋಕಸ್ ದೂರ), ನಂಬರು 2 ಅಂದರೆ 50ನ್ನು 2ರಿಂದ ಭಾಗಿಸಿ, 25 ಮಿಲಿಮೀಟರ್ ಕಿಂಡಿ. 16 ಅಂದರೆ ಬರೀ 3 ಮಿಲಿಮೀಟರ್, ಕಾಜಾಕ್ಕಿಂತ ಚಿಕ್ಕದು. ಕಿಂಡಿ ದೊಡ್ಡದಿಟ್ಟರೆ ಒಂದು ಹೂವಿನ ಕಸೂತಿ ಸ್ಪಷ್ಟವಾಗಿ, ಉಳಿದದ್ದೆಲ್ಲ ಮಸುಕು. ಚಿಕ್ಕದಿಟ್ಟರೆ ಕಾಲರಿನಿಂದ ಅಂಚಿನವರೆಗೆ ಎಲ್ಲ ಸ್ಪಷ್ಟ, ಆದರೆ ಬೆಳಕು ಸಾಲುವುದಿಲ್ಲ.

ಬೆಳಕಿನ ಈ ಕೊಡು ಕೊಳ್ಳುವಿಕೆಯನ್ನು ನಾನು ಕಲಿತದ್ದು ಮೆಷಿನ್ ಮುಂದೆ ಕೂತು. ಕಾಲಿನಿಂದ ತುಳಿಯುತ್ತಾ ಸೂಜಿಯ ಫೋಟೋ ತೆಗೆದೆ. ಸೆಕೆಂಡಿನ 30ನೇ ಒಂದು ಪಾಲಿಗೆ ಸೂಜಿಯೇ ಮಾಯ, ಅಲ್ಲೊಂದು ಬೆಳ್ಳಿ ಹೊಗೆ. 1000ನೇ ಒಂದು ಪಾಲಿಗೆ ಸೂಜಿ ನಿಂತಿತು, ದಾರವೂ ಕಂಡಿತು, ಆದರೆ ಫೋಟೋ ಕತ್ತಲು. ಲೆಕ್ಕ ಹಾಕಿದರೆ ಬೆಳಕು ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದೆ. ಅದನ್ನು ತುಂಬಿಸಲು ಐಎಸ್‌ಒ ಅನ್ನುವುದನ್ನು, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಅಳತೆಯನ್ನು, 100ರಿಂದ 3200ಕ್ಕೆ ಏರಿಸಿದೆ. ಬೆಳಕೇನೋ ಬಂತು, ಜೊತೆಗೆ ಫೋಟೋ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ಮೇಲಿನ ದಾರ ಬಿಗಿ ಮಾಡಿದರೆ ಬಾಬಿನ್ ದಾರ ಮೇಲೆ ಬರುತ್ತದೆ, ಹಾಗೇ ಇದು. ಅಂದಹಾಗೆ ಆ ಹೊತ್ತಿನಲ್ಲಿ ಹೊಲಿಗೆ ಓರೆಯಾಗಿ ಹೋಗಿ ಬಿಚ್ಚಬೇಕಾಯಿತು. ನೀವು ಪ್ರಯೋಗ ಮಾಡುವುದಾದರೆ ಹಳೇ ಬಟ್ಟೆ ಹಾಕಿಕೊಳ್ಳಿ.

ಬಣ್ಣದ ಗೋಳು ದೊಡ್ಡದು. ರಾತ್ರಿ ಬಲ್ಬಿನ ಕೆಳಗೆ ತೆಗೆದ ಕೆನೆ ಬಣ್ಣದ ಅಂಗಿಯ ಫೋಟೋ ನೋಡಿ ಹೊಲಿಸಿದವರು, ‘ಅಕ್ಕಾ, ಇದು ನಾನು ಕೊಟ್ಟ ಬಟ್ಟೆನಾ?’ ಅಂತ ಕೇಳಿದರು. ಅರಿಸಿನದಲ್ಲಿ ಅದ್ದಿದ ಹಾಗಿತ್ತು. ನಮ್ಮ ಕಣ್ಣು ಬಲ್ಬಿನ ಹಳದಿಗೆ ಒಗ್ಗಿಕೊಳ್ಳುತ್ತದೆ, ಬಿಳಿಯನ್ನು ಬಿಳಿಯೇ ಅನ್ನುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಕಡಿಮೆ. ಹಳೇ ಕಾಲದ ಬಿಸಿ ಬಲ್ಬಿನ ಬೆಳಕು ಸುಮಾರು 2800 ಕೆಲ್ವಿನ್, ಮಧ್ಯಾಹ್ನದ ಬಿಸಿಲು ಸುಮಾರು 5500. ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ, ನಂಬರು ಕಡಿಮೆಯಾದಷ್ಟೂ ಹಳದಿ. ಯಾವ ಬೆಳಕಿನಲ್ಲಿ ಇದ್ದೇವೆ ಅಂತ ಹೇಳಿಕೊಟ್ಟರೆ ಅದು ಸರಿ ಮಾಡಿಕೊಳ್ಳುತ್ತದೆ. ಕಿಟಕಿಯ ಬೆಳಕು, ಬಲ್ಬಿನ ಬೆಳಕು ಎರಡೂ ಒಂದೇ ಬಟ್ಟೆಯ ಮೇಲೆ ಬಿದ್ದರೆ ಮಾತ್ರ ಒಂದು ತೋಳು ನೀಲಿ, ಒಂದು ತೋಳು ಹಳದಿ. ಈಗ ಬಲ್ಬು ಆರಿಸಿ ಕಿಟಕಿ ಪಕ್ಕಕ್ಕೆ ಹೋಗುತ್ತೇನೆ.

ನನಗೆ ತುಂಬಾ ಖುಷಿ ಕೊಟ್ಟ ತೊಂದರೆಯನ್ನೂ ಹೇಳಿಬಿಡುತ್ತೇನೆ. ಸಣ್ಣ ಗೆರೆಯ ಶರ್ಟಿನ ಫೋಟೋ ತೆಗೆದಾಗ ಬಟ್ಟೆಯಲ್ಲಿ ಇಲ್ಲದ ಅಲೆ ಅಲೆ ಬಂತು, ಅದರಲ್ಲಿ ಕಾಮನಬಿಲ್ಲಿನ ಬಣ್ಣ ಬೇರೆ. ಕಣ್ಣಿನಿಂದ ನೋಡಿದರೆ ಇಲ್ಲ, ಫೋಟೋದಲ್ಲಿ ಇದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಚುಕ್ಕಿಗಳೂ ನೇಯ್ಗೆಯ ಹಾಗೇ ಅಡ್ಡ ಉದ್ದ ಸಾಲಾಗಿ ಇರುತ್ತವಂತೆ. ನನ್ನದರಲ್ಲಿ ಅಡ್ಡ 6000, ಉದ್ದ 4000, ಒಟ್ಟು ಎರಡು ಕೋಟಿ ನಲವತ್ತು ಲಕ್ಷ. ಬಟ್ಟೆಯ ಗೆರೆಗಳು ಫೋಟೋದಲ್ಲಿ ಹೆಚ್ಚುಕಡಿಮೆ ಈ ಚುಕ್ಕಿಗಳಷ್ಟೇ ಸಣ್ಣಗೆ ಬಿದ್ದರೆ, ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಹಾಕಿದಾಗ ಕಾಣುವಂಥ ಅಲೆ ಏಳುತ್ತದೆ. ಒಂದು ಹೆಜ್ಜೆ ಹಿಂದೆ ಹೋದೆ, ಅಲೆಯ ರೂಪ ಬದಲಾಯಿತು. ಎರಡು ಹೆಜ್ಜೆ ಮುಂದೆ ಬಂದೆ, ಮಾಯ. ಇದಕ್ಕೆ ಮೊಯರೆ ಅನ್ನುತ್ತಾರೆ. ಫ್ರೆಂಚ್ ಮಾತು. ನೀರಿನ ಅಲೆಯ ಹಾಗೆ ಮಿನುಗುವ ಒಂದು ಬಗೆಯ ರೇಷ್ಮೆ ಬಟ್ಟೆಗೂ ಅದೇ ಹೆಸರು. ಕ್ಯಾಮೆರಾದವರು ನಮ್ಮ ಕಡೆಯಿಂದ ಕಡ ತಂದ ಮಾತು ಅಂತ ತಿಳಿದಾಗ ಆ ಯಂತ್ರದ ಮೇಲೆ ಸ್ವಲ್ಪ ಸಲಿಗೆ ಬಂತು.

ಮೊದಲ ಡಿಜಿಟಲ್ ಕ್ಯಾಮೆರಾವನ್ನು ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ್ದು 1975ರಲ್ಲಿ, ನಾನು ಹುಟ್ಟಿದ ವರ್ಷ. ಮೂರೂವರೆ ಕಿಲೋಗಿಂತ ಜಾಸ್ತಿ ತೂಕ, ಬರೀ ಹತ್ತು ಸಾವಿರ ಚುಕ್ಕಿ, ಕಪ್ಪು ಬಿಳುಪು. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅದಕ್ಕೂ ನನಗೂ ಒಂದೇ ವಯಸ್ಸು. ಅದು ಎಲ್ಲಿಗೋ ಹೋಯಿತು, ನಾನು ಇನ್ನೂ ಅದೇ ಮೆಷಿನ್ ತುಳಿಯುತ್ತಿದ್ದೇನೆ, ಇರಲಿ.

ನನ್ನ ಕೋರಿಕೆ ಇದು. ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ. ಯಾರೋ ಓದುಗರು ತೆಗೆದ, ಕೆಟ್ಟುಹೋದ ಒಂದು ಫೋಟೋ ಹಾಕಿ. ಯಾಕೆ ಕೆಟ್ಟಿತು, ಏನು ಮಾಡಿದ್ದರೆ ಸರಿಹೋಗುತ್ತಿತ್ತು ಅಂತ ತಿಳಿದವರಿಂದ ನಾಲ್ಕು ಸಾಲು ಬರೆಸಿ. ಬಹುಮಾನ ಬಂದ ಫೋಟೋಗಳನ್ನು ಸಾಕಷ್ಟು ನೋಡಿದ್ದೇವೆ. ಶಟರ್, ಲೆನ್ಸ್, ಫೋಕಸ್ ಅನ್ನುವ ಮಾತುಗಳನ್ನು ಹಾಗೇ ಬಿಡಿ, ಅವಕ್ಕೆ ಬಾಯಿ ತಿರುಗದ ಹೊಸ ಪದ ಹುಟ್ಟಿಸಬೇಡಿ. ವಿವರಣೆ ಮಾತ್ರ ನಮ್ಮ ಮಾತಿನಲ್ಲಿರಲಿ. ಮೊದಲ ವಾರಕ್ಕೆ ನನ್ನ ಬೂದಿ ವೆಲ್ವೆಟ್ ಕಳಿಸಿಕೊಡುತ್ತೇನೆ, ಸಂಕೋಚವಿಲ್ಲ.

ಎರಡನೇ ವಾರಕ್ಕೂ ಒಂದಿದೆ. ಕಡು ಕೆಂಪು ಬಟ್ಟೆಯ ಮೇಲೆ ಜರಿ ದಾರದ ಕೆಲಸ. ಜರಿ ಹೊಳೆಯುವ ಕಡೆ ಬರೀ ಬಿಳಿ ಮಚ್ಚೆ ಬೀಳುತ್ತದೆ, ಮಚ್ಚೆ ಹೋಗಲೆಂದು ಬೆಳಕು ಇಳಿಸಿದರೆ ಕೆಂಪು ಕಪ್ಪಾಗುತ್ತದೆ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ ನೋಡಿದೆ, ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿಗೆ ಏನು ಮಾಡಬೇಕು ಅಂತ ಗೊತ್ತಿರುವ ಓದುಗರು ಈ ಅಂಕಣದಲ್ಲೇ ಬರೆದರೆ ಉಪಕಾರವಾಗುತ್ತದೆ. ಆ ಬಟ್ಟೆ ಇನ್ನು ಎಂಟು ದಿನ ನನ್ನ ಹತ್ತಿರವೇ ಇರುತ್ತದೆ.

ಇಂತಿ,
ಹೊಲಿಗೆ ಕೆಲಸ ಮಾಡುವ ನಿಮ್ಮ ಓದುಗರಲ್ಲೊಬ್ಬಳು