ಹಾಜರಿ ಸಹಿಯನ್ನು ಒಪ್ಪಿಗೆ ಎಂದು ಬರೆದ ಬಗ್ಗೆ ದೂರು

ಇವರಿಗೆ: ಕಾರ್ಯದರ್ಶಿಗಳು, ಮನೆ ಆರೈಕೆ ಜಂಟಿ ಸಮಿತಿಯ ಕಚೇರಿ ನಡೆಸುವ ಟ್ರಸ್ಟ್
ಇವರಿಂದ: ರೋಗಿಗಳ ಮನೆಯವರ ಪ್ರತಿನಿಧಿ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ

ಮಾನ್ಯರೇ,

ನನ್ನ ಅಮ್ಮ ಮೂರು ವರ್ಷದಿಂದ ಮಲಗಿದಲ್ಲೇ ಇದ್ದಾರೆ. ಪಾರ್ಶ್ವವಾಯು ಬಡಿದು ಬಲಗಡೆ ಪೂರ್ತಿ ಹೋಗಿದೆ. ಮೂತ್ರಕ್ಕೆ ಟ್ಯೂಬ್ ಹಾಕಿದೆ. ಹದಿನೈದು ದಿನಕ್ಕೊಮ್ಮೆ ನರ್ಸ್ ಜೀಪಿನಲ್ಲಿ ಬರುತ್ತಾರೆ. ಟ್ಯೂಬ್ ನೋಡುತ್ತಾರೆ, ಬೇಕಾದಾಗ ಬದಲಿಸುತ್ತಾರೆ, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಹೋಗುವಾಗ ಅಮ್ಮನ ಕೈ ಹಿಡಿದು ಎರಡು ಮಾತಾಡುತ್ತಾರೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಈ ಪತ್ರದಿಂದ ಅವರಿಗೆ ತೊಂದರೆ ಆಗಬಾರದು.

ನನ್ನ ದೂರು ಸಮಿತಿ ನಡೆಯುವ ರೀತಿಯ ಬಗ್ಗೆ.

ಪಂಚಾಯತುಗಳು, ಆಸ್ಪತ್ರೆ, ಕುಟುಂಬಶ್ರೀ ಮಹಿಳಾ ಸಂಘದವರು, ನಿಮ್ಮ ಟ್ರಸ್ಟ್ ಎಲ್ಲ ಸೇರಿ ಈ ಸಮಿತಿ ಮಾಡಿದಾಗ ರೋಗಿಗಳ ಮನೆಯವರಿಗೂ ಎರಡು ಸ್ಥಾನ ಇಟ್ಟಿರಿ. ಏನೇ ಆದರೂ ಎಲ್ಲರೂ ಕೂತು ತೀರ್ಮಾನ ಮಾಡೋಣ ಎಂದಿರಿ. ಆ ಮಾತು ನಂಬಿ ನಾನು ಬಂದೆ.

ಕಳೆದ ತಿಂಗಳ ಸಭೆಯ ವಿಷಯ ಹೇಳುತ್ತೇನೆ. ಹಿಂದಿನ ದಿನ ರಾತ್ರಿ ಒಂಬತ್ತಕ್ಕೆ ಫೋನಿಗೆ ಮೆಸೇಜ್ ಬಂತು, ಮಲಯಾಳದಲ್ಲಿ. ಬೆಳಿಗ್ಗೆ ಆಚೆಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ, ಬಸ್ ಹಿಡಿದು ಬಂದೆ. ಬಾಗಿಲಲ್ಲೇ ಪುಸ್ತಕ ಇತ್ತು, ಸಹಿ ಹಾಕಿದೆ. ಹಂಚಿದ ಕಾಗದವೂ ಮಲಯಾಳದ್ದೇ. ಕೊನೆಯ ಹತ್ತು ನಿಮಿಷದಲ್ಲಿ ಜೀಪಿನ ಮಾತು ಬಂತು. ನಮ್ಮ ಗುಡ್ಡೆ ಭಾಗದ ಮನೆಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಮುಂದಿನ ಸಭೆಯಲ್ಲಿ ವಿವರವಾಗಿ ಮಾತಾಡೋಣ ಎಂದರು. ಸರಿ ಎಂದು ಮನೆಗೆ ಬಂದೆ.

ಹನ್ನೆರಡು ದಿನ ಬಿಟ್ಟು ಮಿನಿಟ್ಸ್ ಬಂತು. ಮಲಯಾಳ ಮೀಡಿಯಂನಲ್ಲಿ ಓದುವ ಆಚೆಮನೆ ಹುಡುಗ ಓದಿ ಹೇಳಿದ. ಗುಡ್ಡೆ ಭಾಗಕ್ಕೆ ಇನ್ನು ತಿಂಗಳಿಗೆ ಒಂದೇ ಭೇಟಿ, ‘ಏಕಕಂಠಮಾಯಿ’ ತೀರ್ಮಾನ ಆಗಿದೆಯಂತೆ. ಆ ಒಂದು ಪದದ ಅರ್ಥ ನಾನು ಅವನ ಹತ್ತಿರ ಕೇಳಬೇಕಾಗಲಿಲ್ಲ, ಕನ್ನಡದಲ್ಲೂ ಅದೇ ಪದ. ಜೊತೆಗೆ ಹಾಜರಿ ಪುಟದ ಜೆರಾಕ್ಸ್. ಅದರಲ್ಲಿ ಏಳನೆಯ ಸಹಿ ನನ್ನದು.

ನಾನು ಬಂದಿದ್ದೇನೆ ಎಂದು ಸಹಿ ಹಾಕಿದ್ದೆ, ಅಷ್ಟೇ. ಅದು ಒಪ್ಪಿಗೆ ಹೇಗಾಗುತ್ತದೆ?

ತಿಂಗಳಿಗೆ ಒಂದೇ ಭೇಟಿ ಎಂದರೆ ಏನು ಎಂದು ಕಚೇರಿಯಲ್ಲಿ ಕೂತವರಿಗೆ ಗೊತ್ತಾಗಲಿಕ್ಕಿಲ್ಲ. ಅಮ್ಮನ ಟ್ಯೂಬಿನೊಳಗೆ ಸುಣ್ಣದ ಪುಡಿಯಂಥದ್ದು ಕಟ್ಟುತ್ತದೆ. ಹೋದ ಮಳೆಗಾಲದಲ್ಲಿ ಒಮ್ಮೆ ರಾತ್ರಿ ಪೂರ್ತಿ ಕಟ್ಟಿಕೊಂಡಿತು. ಚೀಲದಲ್ಲಿ ಒಂದು ಹನಿ ಇಲ್ಲ, ಹೊಟ್ಟೆ ಕಲ್ಲಿನಂತೆ. ಅಮ್ಮನಿಗೆ ಮಾತು ಸರಿಯಾಗಿ ಬರುವುದಿಲ್ಲ, ಎಡಗೈಯಲ್ಲಿ ಚಾಪೆ ಗೀರುತ್ತಿದ್ದರು. ನಮ್ಮ ಮನೆಗೆ ರಸ್ತೆ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಅಡಿಕೆ ತೋಟದ ಬದಿಯಿಂದ ಹೊತ್ತು ಆಟೋ ನಿಲ್ಲುವಲ್ಲಿಗೆ ತಂದೆವು. ಮಧ್ಯೆ ತೋಡು ದಾಟಬೇಕು. ಇಂಥ ಮನೆಗಳು ನಮ್ಮ ವಾರ್ಡಿನಲ್ಲೇ ಐದು ಇವೆ.

ಡೀಸೆಲ್ ಖರ್ಚು ಜಾಸ್ತಿ ಆಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮನ್ನು ಕೇಳಿದ್ದರೆ ದಾರಿ ಇತ್ತು. ಮಂಗಳವಾರ ಜೀಪು ಗುಡ್ಡೆಯ ಕೆಳಗಿನ ವಾರ್ಡಿಗೆ ಬಂದು ಹನ್ನೆರಡು ಗಂಟೆಗೆ ವಾಪಸ್ ಹೋಗುತ್ತದೆ. ನಮ್ಮ ಐದೂ ಮನೆಗಳನ್ನು ಆ ದಿನಕ್ಕೇ ಸೇರಿಸಿದರೆ ಇನ್ನೊಂದು ದಿನದ ಓಡಾಟವೇ ಉಳಿಯುತ್ತದೆ. ಇದು ದಿನಾ ಆ ಜೀಪನ್ನು ನೋಡುವ ನಮಗೆ ಗೊತ್ತು. ಮನೆಯವರಿಗೆ ಸ್ಥಾನ ಕೊಟ್ಟದ್ದು ಇದಕ್ಕೇ ಅಲ್ವಾ?

ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿದ ಮೊದಲ ರಾಜ್ಯ ಕೇರಳ, 2008ರಲ್ಲಿ. ಪಂಚಾಯತು, ನರ್ಸ್, ಊರಿನ ಸ್ವಯಂಸೇವಕರು ಸೇರಿ ನಡೆಸಬೇಕು ಎನ್ನುವುದೇ ಅದರ ಬೇರು. ಕೇಳದೆ ಮೇಲಿನಿಂದ ತೀರ್ಮಾನ ಮಾಡಿದರೆ ಏನಾಗುತ್ತದೆ ಎಂದು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 2000ದವರೆಗೆ, 20 ವರ್ಷಕ್ಕೂ ಜಾಸ್ತಿ. ಕೆಳಗಿದ್ದ ಮನೆಗಳನ್ನು ಯಾರೂ ಕೇಳಿರಲಿಲ್ಲ. ಇವತ್ತು ಮನೆ ಆರೈಕೆಯ ಪಟ್ಟಿಯಲ್ಲಿ ಆ ಊರುಗಳ ಮಕ್ಕಳೂ ಇದ್ದಾರೆ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಜೀಪ್ ಓಡಿಸುವುದು ನಿಮ್ಮ ಟ್ರಸ್ಟ್, ಖರ್ಚಿನ ಲೆಕ್ಕ ಕೊಡುವುದು ನಿಮ್ಮ ಟ್ರಸ್ಟ್, ಮಿನಿಟ್ಸ್ ಬರೆಯುವುದೂ ನಿಮ್ಮ ಟ್ರಸ್ಟ್. ಇದು ಸರಿಯಲ್ಲ. ಮಿನಿಟ್ಸನ್ನು ಪಂಚಾಯತಿನವರೋ ಕುಟುಂಬಶ್ರೀಯವರೋ ಬರೆಯಲಿ. ಸಭೆ ಮುಗಿಯುವ ಮೊದಲು ತೀರ್ಮಾನಗಳನ್ನು ಗಟ್ಟಿಯಾಗಿ ಓದಲಿ, ಒಪ್ಪಿದವರು ಒಪ್ಪಿದ್ದೇವೆ ಎಂದು ಬೇರೆಯೇ ಸಹಿ ಹಾಕಲಿ. ಒಪ್ಪದವರ ಮಾತೂ ಅದರಲ್ಲಿ ಬರಲಿ.

ಭಾಷೆಯ ವಿಷಯ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡದವರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮ್ಮದು ಸರ್ಕಾರಿ ಕಚೇರಿ ಅಲ್ಲ, ಗೊತ್ತು. ಆದರೆ ಸರ್ಕಾರದ ಕೆಲಸವನ್ನೇ ಹಂಚಿಕೊಂಡಿದ್ದೀರಿ, ಅದರ ಜವಾಬ್ದಾರಿಯನ್ನೂ ಹಂಚಿಕೊಳ್ಳಬೇಕು. ಸಭೆಯ ಕಾಗದ ಒಂದು ವಾರ ಮೊದಲು ಕನ್ನಡದಲ್ಲಿ ಕೈಗೆ ಸಿಗಲಿ.

ಆ ‘ಏಕಕಂಠಮಾಯಿ’ ಎನ್ನುವುದನ್ನು ಮುಂದಿನ ಸಭೆಯಲ್ಲಿ ಹೊಡೆದು ಹಾಕಿ, ನಾನು ಒಪ್ಪಿಲ್ಲ ಎಂದು ಬರೆಯಬೇಕು. ಅಲ್ಲಿಯವರೆಗೆ ಹದಿನೈದು ದಿನದ ಭೇಟಿ ಹಾಗೆಯೇ ಇರಲಿ.

ಅಮ್ಮನ ಟ್ಯೂಬ್ ಬದಲಿಸುವ ದಿನ ಬರುವ ಗುರುವಾರ. ಜೀಪ್ ಬರುತ್ತದೋ ಇಲ್ಲವೋ ಎಂದು ಬುಧವಾರ ಸಂಜೆಯೊಳಗೆ ತಿಳಿಸಿ. ಬರುವುದಿಲ್ಲವಾದರೆ ನಾನು ಕುರ್ಚಿ ಹೊರಲು ನಾಲ್ಕು ಜನರಿಗೆ ಹೇಳಬೇಕು.

ಇಂತಿ,
ರೋಗಿಗಳ ಮನೆಯವರ ಪ್ರತಿನಿಧಿ