ನೋಟನ್ನು ಉಳಿಸಿಕೊಂಡರೆ ನಾಣ್ಯ ಚಲಾವಣೆಯಾಗದು

ಮಾನ್ಯ ಸಂಪಾದಕರೇ,

ಕಡಿಮೆ ಮುಖಬೆಲೆಯ ನೋಟುಗಳ ಬದಲಿಗೆ ನಾಣ್ಯಗಳನ್ನು ತಂದಾಗಲೆಲ್ಲ ಜೇಬು ಭಾರವಾಯಿತೆಂಬ ದೂರು ಕೇಳಿಬರುತ್ತದೆ. ಆದರೆ ಹಣದುಬ್ಬರದಿಂದ ಬೆಲೆ ಕಳೆದುಕೊಂಡ ನೋಟು, ಬರೀ ಚಿಲ್ಲರೆಯಾಗಿ ಕೈಯಿಂದ ಕೈಗೆ ದಾಟುತ್ತಾ, ಮಡಿಕೆಯಲ್ಲಿ ಹರಿದು, ಬೆವರಿಗೆ ನೆನೆದು ಬೇಗ ಹಾಳಾಗುತ್ತದೆ. ನಾಣ್ಯವನ್ನು ಟಂಕಿಸಲು ಮೊದಲಿಗೆ ಹೆಚ್ಚು ಖರ್ಚಾದರೂ ಅದು ದಶಕಗಳ ಕಾಲ ಬಾಳುತ್ತದೆ.

ಬ್ರಿಟನ್ 1983ರಲ್ಲಿ ಒಂದು ಪೌಂಡ್ ನಾಣ್ಯವನ್ನು ತಂದಿತು. 1988ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಒಂದು ಪೌಂಡ್ ನೋಟನ್ನು ಹಿಂಪಡೆಯಿತು. ಕೆನಡಾ 1987ರಲ್ಲಿ ಲೂನ್ ಹಕ್ಕಿಯ ಚಿತ್ರವುಳ್ಳ ಡಾಲರ್ ನಾಣ್ಯವನ್ನು ತಂದು, 1989ರಲ್ಲಿ ನೋಟಿನ ವಿತರಣೆಯನ್ನು ನಿಲ್ಲಿಸಿತು. ಅಮೆರಿಕ ಮಾತ್ರ ನೋಟನ್ನು ಉಳಿಸಿಕೊಂಡೇ ಮತ್ತೆ ಮತ್ತೆ ಡಾಲರ್ ನಾಣ್ಯಗಳನ್ನು ಹೊರತಂದು ಸೋತಿತು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿಯ ಚಿತ್ರವುಳ್ಳ 1979ರ ಡಾಲರ್ ನಾಣ್ಯದ ವ್ಯಾಸ 26.5 ಮಿ.ಮೀ., ಕಾಲು ಡಾಲರಿನದು ಸುಮಾರು 24.3 ಮಿ.ಮೀ.; ಬಣ್ಣವೂ ಅಂಚಿನ ಗೀರುಗಳೂ ಒಂದೇ ಬಗೆಯವಾದ್ದರಿಂದ, ಒಂದನ್ನು ಇನ್ನೊಂದೆಂದು ಭಾವಿಸಿ ನಷ್ಟ ಮಾಡಿಕೊಂಡವರು ಅದನ್ನು ದೂರವಿಟ್ಟದ್ದು ಸಹಜವೇ. 2011ರ ಕೊನೆಗೆ, ನೂರು ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳು ಉಗ್ರಾಣಗಳಲ್ಲಿ ಕೊಳೆಯುತ್ತಿದ್ದಾಗ, ಚಲಾವಣೆಗಾಗಿ ಟಂಕಿಸುವುದನ್ನೇ ನಿಲ್ಲಿಸಲಾಯಿತು.

ಉಳಿತಾಯದ ಲೆಕ್ಕವನ್ನೂ ಕಣ್ಣುಮುಚ್ಚಿ ಒಪ್ಪಲಾಗದು. ನೋಟುಗಳ ಬಾಳಿಕೆ ಈಗ ಹೆಚ್ಚಿದೆ. ಮೇಲಾಗಿ, ಜನರು ನಾಣ್ಯಗಳನ್ನು ಡಬ್ಬಿಗಳಲ್ಲಿ ಕೂಡಿಟ್ಟು ಮರೆಯುವುದರಿಂದ ಅಷ್ಟೇ ಚಲಾವಣೆಗೆ ನೋಟುಗಳಿಗಿಂತ ಹೆಚ್ಚು ನಾಣ್ಯಗಳು ಬೇಕಾಗುತ್ತವೆ; ಮುಖಬೆಲೆಗೂ ತಯಾರಿಕಾ ವೆಚ್ಚಕ್ಕೂ ನಡುವಿನ ಅಂತರ ಸರ್ಕಾರಕ್ಕೆ ಲಾಭವಾಗಿ ಕಂಡರೂ, ವಾಸ್ತವದಲ್ಲಿ ಅದು ಪ್ರಜೆಗಳು ತಮಗರಿವಿಲ್ಲದೆಯೇ ಕೊಟ್ಟ ಬಡ್ಡಿರಹಿತ ಸಾಲ.

ಇಂತಿ,
ಒಬ್ಬ ಓದುಗ