ರಿಲೇ ಕೆಟ್ಟರೆ ಕಂಪ್ರೆಸರ್ ಬದಲಿಸಬೇಕೇ?

ಮಾನ್ಯರೇ,

ಎ.ಸಿ. ಸ್ವಿಚ್ ಆರಿಸಿದರೂ ನನ್ನ ಹಳೆಯ ಕಾರಿನ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದುದಕ್ಕೆ, ಗ್ಯಾರೇಜಿನವರು ಬಾನೆಟ್ ಸರಿಯಾಗಿ ಎತ್ತಿ ನೋಡುವ ಮೊದಲೇ ಹೊಸ ಕಂಪ್ರೆಸರ್ ಹಾಕಿಸಬೇಕೆಂದರು. ಪರಿಚಯದ ಆಟೊ ಎಲೆಕ್ಟ್ರೀಷಿಯನ್ ಒಬ್ಬರು ಫ್ಯೂಸ್ ಬಾಕ್ಸ್‌ನಿಂದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಲೇಯನ್ನು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಕಿತ್ತೊಡನೆ, ವಿದ್ಯುತ್ ಹರಿದಾಗ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಜೋಡಿಸುವ ಕ್ಲಚ್ ‘ಟಕ್’ ಎಂದು ಬಿಟ್ಟುಕೊಂಡಿತು. ರಿಲೇಯೊಳಗಿನ ಪಾಯಿಂಟುಗಳು ಸುಟ್ಟು ಅಂಟಿಕೊಂಡು, ಕ್ಲಚ್ಚಿನ ಸುರುಳಿಗೆ 12 ವೋಲ್ಟ್ ವಿದ್ಯುತ್ ಸದಾ ಹರಿಯುತ್ತಿತ್ತು. ವಿದ್ಯುತ್ ತಪ್ಪಿಸಿದ ಮೇಲೂ ಕ್ಲಚ್ಚಿನ ಮುಂದಿನ ಪ್ಲೇಟ್ ತಿರುಗುತ್ತಲೇ ಇದ್ದರೆ ಮಾತ್ರ ದೋಷ ಕ್ಲಚ್ಚಿನದು (ಬೆಲ್ಟಿನೊಂದಿಗೆ ಪುಲ್ಲಿ ಹೇಗೂ ತಿರುಗುತ್ತದೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ). ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡಿದ್ದೇವೆಂದು ಅಂದಾಜು ಪಟ್ಟಿಯಲ್ಲಿ ಬರೆದುಕೊಡುವುದನ್ನು ಗ್ಯಾರೇಜುಗಳಿಗೆ ಸಾರಿಗೆ ಇಲಾಖೆಯು ಕಡ್ಡಾಯಗೊಳಿಸಬೇಕು.

– ಒಬ್ಬ ಓದುಗ, ಹುಬ್ಬಳ್ಳಿ